ದಿನಸಿ ಅಂಗಡಿಗಳಲ್ಲಿ ನಾಣ್ಯ ಎಣಿಸುವ ಯಂತ್ರ ಇಟ್ಟರೆ ಬೆಂಗಳೂರಿನಲ್ಲಿ ವ್ಯಾಪಾರ ನಡೆದೀತೇ?

ಪ್ರಶ್ನೆ (ವಿಜಯನಗರದಿಂದ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸೂಪರ್‌ಮಾರ್ಕೆಟ್‌ಗಳಲ್ಲಿ ಕಾಯಿನ್‌ಸ್ಟಾರ್ ಎಂಬ ಯಂತ್ರಗಳಿದ್ದು, ಮನೆಯಲ್ಲಿ ಕೂಡಿಟ್ಟ ನಾಣ್ಯಗಳನ್ನು ಅದಕ್ಕೆ ಸುರಿದರೆ ಎಣಿಸಿ, ಶೇಕಡ 10ಕ್ಕೂ ಮಿಕ್ಕಿದ ಶುಲ್ಕ ಹಿಡಿದುಕೊಂಡು, ಉಳಿದ ಮೊತ್ತಕ್ಕೆ ಚೀಟಿ ಕೊಡುತ್ತವೆ. ಅಂಥದೇ ಚಿಕ್ಕ ಯಂತ್ರಗಳನ್ನು ವಿಜಯನಗರ ಮತ್ತು ರಾಜಾಜಿನಗರದ ನಾಲ್ಕೈದು ಪ್ರಾವಿಷನ್ ಸ್ಟೋರ್‌ಗಳಲ್ಲಿ ಇರಿಸಿ, ಅಂಗಡಿಯವರಿಗೂ ಒಂದು ಪಾಲು ಕೊಟ್ಟು ವ್ಯಾಪಾರ ಆರಂಭಿಸುವ ಯೋಚನೆ ನನ್ನದು. ಶುಲ್ಕ ಎಷ್ಟಿರಬೇಕು, ಸಂಗ್ರಹವಾದ ನಾಣ್ಯವನ್ನು ಎಲ್ಲಿಗೆ ಒಯ್ಯಬೇಕು, ಎಂಥ ಯಂತ್ರ ಕೊಳ್ಳಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ನಿವೃತ್ತ ಬ್ಯಾಂಕ್ ಕ್ಯಾಷಿಯರ್, ಬಸವನಗುಡಿ)

ಶುಲ್ಕದ ವಿಚಾರದಲ್ಲಿಯೇ ತಮ್ಮ ಲೆಕ್ಕ ಮೊದಲು ಮುಗ್ಗರಿಸುತ್ತದೆ. ಯಾವ ಶಾಖೆಯೂ ನಾಣ್ಯವನ್ನು ನಿರಾಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿದೆ. 1 ಮತ್ತು 2 ರೂಪಾಯಿ ನಾಣ್ಯಗಳನ್ನು ಸಾಧ್ಯವಾದಷ್ಟೂ ತೂಕದ ಮೇಲೆ ಸ್ವೀಕರಿಸಬೇಕೆಂದೂ, ನೂರು ನೂರರಂತೆ ಪಾಲಿಥೀನ್ ಚೀಲಗಳಲ್ಲಿ ಕಟ್ಟಿ ತಂದರೆ ಎರಡೂ ಕಡೆಯವರಿಗೆ ಅನುಕೂಲವೆಂದೂ ಅದೇ ಹೇಳಿದೆ. ಹೀಗಿರುವಾಗ ನೂರು ರೂಪಾಯಿಗೆ ಹತ್ತು ರೂಪಾಯಿ ಬಿಟ್ಟುಕೊಡಲು ನಮ್ಮ ಗೃಹಿಣಿಯರು ಒಪ್ಪುವುದು ಕಷ್ಟ. ಕೌಂಟರಿನಲ್ಲಿ ಚಿಲ್ಲರೆ ಚೀಲ ಕಂಡೊಡನೆ ಮುಖ ಸಿಂಡರಿಸುವವರು ಇಲ್ಲವೆಂದೇನೂ ನಾನು ಹೇಳುವುದಿಲ್ಲ, ಆದರೆ ಅದೊಂದನ್ನೇ ನಂಬಿ ಬಂಡವಾಳ ಹೂಡಬಾರದು.

ತೂಕವನ್ನೂ ಗಮನದಲ್ಲಿಡಿ. 2011ರ ಸರಣಿಯ ಒಂದು ರೂಪಾಯಿ ನಾಣ್ಯ 3.79 ಗ್ರಾಂ ತೂಗುತ್ತದೆ, ಅಂದರೆ ಹತ್ತು ಸಾವಿರ ರೂಪಾಯಿಗೆ ಸುಮಾರು 38 ಕಿಲೋ. ಅದನ್ನು ವಾರವಾರ ಸ್ಕೂಟರಿನಲ್ಲಿ ಬ್ಯಾಂಕಿಗೆ ಸಾಗಿಸುವುದೇ ಒಂದು ಉದ್ಯೋಗವಾಗುತ್ತದೆ. ಚಾಲ್ತಿ ಖಾತೆಗೆ ನಗದು ಕಟ್ಟುವಾಗ ಶುಲ್ಕ ಹಾಕುವ ಬ್ಯಾಂಕುಗಳೂ ಇವೆ. ಖಾತೆ ತೆರೆಯುವ ಮುನ್ನವೇ ವಿಚಾರಿಸಿಕೊಳ್ಳಿ.

ಉತ್ತರ (ಯಂತ್ರ ದುರಸ್ತಿ, ಎಸ್.ಪಿ. ರಸ್ತೆ)

ಯಂತ್ರದ ಬಗ್ಗೆ ನಾನು ಹೇಳಬಲ್ಲೆ. ಅಗ್ಗದ ಯಂತ್ರಗಳು ನಾಣ್ಯವನ್ನು ವ್ಯಾಸದಿಂದ ಮಾತ್ರ ಗುರುತಿಸುತ್ತವೆ. ನಮ್ಮ ದೇಶದ ನಾಣ್ಯಗಳಿಗೆ ಅದು ಸಾಲದು. 1990ರ ದಶಕದ ಸ್ಟೀಲ್ ಒಂದು ರೂಪಾಯಿ ಮತ್ತು 2011ರ ಸರಣಿಯ ಎರಡು ರೂಪಾಯಿ, ಎರಡೂ 25 ಮಿಲಿಮೀಟರ್ ಅಗಲ, ಎರಡೂ 4.85 ಗ್ರಾಂ ತೂಕ. ಅಂದರೆ ವ್ಯಾಸ ಅಳೆದರೂ ತೂಗಿದರೂ ಇವೆರಡನ್ನು ಬೇರ್ಪಡಿಸಲಾಗದು. 27 ಮಿಲಿಮೀಟರಿನಲ್ಲಿಯೂ ಇದೇ ಗೋಳು: 2005ರ ನಂತರ ಬಂದ ದೊಡ್ಡ ಎರಡು ರೂಪಾಯಿ, ಎರಡು ಲೋಹಗಳ ಹತ್ತು ರೂಪಾಯಿ, ಹನ್ನೆರಡು ಅಂಚಿನ ಇಪ್ಪತ್ತು ರೂಪಾಯಿ, ಮೂರೂ ಅಲ್ಲೇ ಬಂದು ಬೀಳುತ್ತವೆ. ಹತ್ತು ಮತ್ತು ಇಪ್ಪತ್ತನ್ನು ಲೋಹದ ಸೆನ್ಸರ್ ಹಿಡಿಯಬಲ್ಲದು. ಒಂದು ಮತ್ತು ಎರಡರ ಗೊಂದಲಕ್ಕೆ ಕ್ಯಾಮೆರಾದಿಂದ ಮುಖ ಓದುವ ಯಂತ್ರವೇ ಹೆಚ್ಚು ಭರವಸೆಯದು. ಕೊಳ್ಳುವ ಮುನ್ನ ಈ ಎರಡು ನಾಣ್ಯಗಳನ್ನು ಬೆರೆಸಿ ಒಂದು ಬೊಗಸೆ ಸುರಿದು ನೋಡಿ. ಮಾರುವವನು ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಉತ್ತರ (ದಿನಸಿ ಅಂಗಡಿ, ಚಾಮರಾಜಪೇಟೆ)

ಹಣ ಕೊಡುವವರು ಮನೆಯವರಲ್ಲ, ನಾವು. ಬೆಳಗಿನ ಹೊತ್ತು ಗಲ್ಲಾಪೆಟ್ಟಿಗೆಯಲ್ಲಿ ಒಂದು, ಎರಡು, ಐದರ ನಾಣ್ಯ ಇಲ್ಲದಿದ್ದರೆ ಚಾಕೊಲೇಟ್ ಕೊಟ್ಟು ಗಿರಾಕಿಯಿಂದ ಬೈಸಿಕೊಳ್ಳಬೇಕಾಗುತ್ತದೆ. ಕಮಿಷನ್ ಕೊಟ್ಟು ಚಿಲ್ಲರೆ ಕೊಳ್ಳುವುದು ನಮ್ಮ ವ್ಯಾಪಾರದಲ್ಲಿ ಹಳೆಯ ರೂಢಿ. ಯುಪಿಐ ಬಂದ ಮೇಲೆ ಈ ಬೇಡಿಕೆ ಬಹಳ ತಗ್ಗಿತು, ನಿಜ. ಆದರೆ 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕದ ಆಧಾರದಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯೂಆರ್ ಫಲಕ ತೆಗೆದು ನಗದನ್ನೇ ಕೇಳತೊಡಗಿದ್ದು ನಿಮಗೂ ನೆನಪಿರಬಹುದು.

ಆದ್ದರಿಂದ ಸುರಿಯುವವರಿಂದ ಶುಲ್ಕ ಬೇಡ. ಪೂರ್ತಿ ಮೊತ್ತಕ್ಕೆ ಅದೇ ಅಂಗಡಿಯ ಸಾಮಾನು ಸಿಗುವಂತೆ ಚೀಟಿ ಬರಲಿ. ನಾಣ್ಯಗಳು ಜಾತಿವಾರು ಬೇರೆಯಾಗಿ ನೂರರ ಪೊಟ್ಟಣವಾಗಲಿ, ಅಂಗಡಿಯವನು ತನಗೆ ಬೇಕಾದಷ್ಟು ಇಟ್ಟುಕೊಳ್ಳಲಿ, ಮಿಕ್ಕಿದ್ದನ್ನು ನೀವು ಅಕ್ಕಪಕ್ಕದ ಬೇಕರಿ, ಕಾಂಡಿಮೆಂಟ್ಸ್‌ಗಳಿಗೆ ಸಣ್ಣ ಲಾಭದಲ್ಲಿ ತಲುಪಿಸಿ. ಹೀಗೆ ಮಾಡಿದರೆ 38 ಕಿಲೋ ಹೊತ್ತು ಬ್ಯಾಂಕಿಗೆ ಹೋಗುವ ಪ್ರಮೇಯವೂ ಬಾರದು.

ಮರುಪ್ರಶ್ನೆ (ವಿಜಯನಗರದಿಂದ)

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಒಂದೇ ಅಂಗಡಿಯಲ್ಲಿ, ಒಂದೇ ಯಂತ್ರದಿಂದ ಆರಂಭಿಸುತ್ತೇನೆ. ಹಳೆಯ 25 ಪೈಸೆ ನಾಣ್ಯ ಬಂದರೆ ಏನು ಮಾಡಬೇಕು? ಹತ್ತು ರೂಪಾಯಿ ನಾಣ್ಯವನ್ನು ಕೆಲವರು ಮುಟ್ಟುವುದೇ ಇಲ್ಲವಲ್ಲ?

ಉತ್ತರ (ನಿವೃತ್ತ ಬ್ಯಾಂಕ್ ಕ್ಯಾಷಿಯರ್, ಬಸವನಗುಡಿ)

25 ಪೈಸೆ ಮತ್ತು ಅದಕ್ಕಿಂತ ಕಡಿಮೆಯವು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಯಂತ್ರ ಅವನ್ನು ಹೊರಹಾಕಲಿ. 50 ಪೈಸೆ ಇಂದಿಗೂ ಸಿಂಧು, ಆದರೆ ಕೊಳ್ಳುವವರು ಸಿಗುವುದಿಲ್ಲ. ಹತ್ತು ರೂಪಾಯಿಯ 14 ವಿನ್ಯಾಸಗಳೂ ಸಿಂಧುವೆಂದು ರಿಸರ್ವ್ ಬ್ಯಾಂಕ್ 2018ರಲ್ಲಿಯೇ ಸ್ಪಷ್ಟಪಡಿಸಿದೆ, ಆ ಪ್ರಕಟಣೆಯ ಪ್ರತಿಯೊಂದನ್ನು ಯಂತ್ರದ ಮೇಲೆ ಅಂಟಿಸಿಬಿಡಿ. ಇನ್ನೊಂದು ಮಾತು: 2011ರ ನಾಣ್ಯ ಕಾಯ್ದೆಯ ಪ್ರಕಾರ, ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ನಾಣ್ಯಗಳಲ್ಲಿ ಒಂದು ಪಾವತಿಗೆ ಸಾವಿರ ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಲೇಬೇಕೆಂದು ಯಾರನ್ನೂ ಒತ್ತಾಯಿಸುವಂತಿಲ್ಲ. ಬೇಕರಿಯವರೊಡನೆ ವಾರಕ್ಕೆ ಎಷ್ಟು ಪೊಟ್ಟಣ ಎಂಬುದನ್ನು ಯಂತ್ರ ಕೊಳ್ಳುವ ಮೊದಲೇ ಮಾತಾಡಿಕೊಳ್ಳಿ.