ಸಹಾಯ ಬೇಕು: ಸಮಾಜಕಾರ್ಯದಲ್ಲಿರುವ ಕ್ರೈಸ್ತ ಹಿರಿಯರ ಮಾರ್ಗದರ್ಶನ

ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿಯಾಗಿದ್ದೇನೆ. ಪ್ರತಿ ಭಾನುವಾರ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದಲ್ಲಿ ಬಲಿಪೂಜೆಗೆ (ಚರ್ಚಿನ ಆರಾಧನೆಗೆ) ಹೋಗುವವಳು.

ಇತ್ತೀಚೆಗೆ ಮನೆಗೆಲಸ ಮಾಡುವ ಒಬ್ಬ ತಾಯಿ, ಸ್ಕ್ಯಾನಿಂಗ್ ವರದಿಯನ್ನು ಮಡಿಸಿ ಮಡಿಸಿ ಅಂಗೈಯಷ್ಟು ಮಾಡಿ ಹಿಡಿದುಕೊಂಡು, "ಮೇಡಂ, ಇದು ಬೇಡ, ಇರೋ ಇಬ್ಬರನ್ನೇ ಸಾಕೋಕಾಗ್ತಿಲ್ಲ" ಎಂದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಡಿ 18 ತುಂಬಿದ ಮಹಿಳೆಯ ಒಪ್ಪಿಗೆಗೆ ಅವಳ ಸಹಿಯೇ ಸಾಕು, ಗಂಡನ ಸಹಿ ಬೇಕಿಲ್ಲ ಎಂದು ತಿಳಿಸುವುದು ನನ್ನ ಕರ್ತವ್ಯವಾಗಿತ್ತು, ತಿಳಿಸಿದೆ. ಆದರೆ ಗರ್ಭದಲ್ಲಿರುವ ಜೀವ ದೇವರ ವರವೆಂದು ನಂಬಿ ಬೆಳೆದ ನನ್ನ ಧ್ವನಿಯಲ್ಲಿ ಅಸಮ್ಮತಿ ಇಣುಕಿ, ಆ ತಾಯಿಯ ನಿರ್ಧಾರದ ಮೇಲೆ ಭಾರ ಹಾಕಿತೇನೋ ಎಂಬ ಅಳುಕು ಇನ್ನೂ ಹೋಗಿಲ್ಲ. ಬೈಬಲಿನ ಲೂಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ, ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ ಸಮಾರಿಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದನೇ ಹೊರತು ಗಾಯಾಳುವನ್ನು ವಿಚಾರಣೆ ಮಾಡಲಿಲ್ಲ ಎಂಬುದು ನನಗೆ ಸ್ವಲ್ಪ ಧೈರ್ಯ ಕೊಡುತ್ತದೆ.

ಇಂತಹ ಪ್ರಕರಣಗಳನ್ನು ಸಹೋದ್ಯೋಗಿಗೆ ಒಪ್ಪಿಸುವುದು ಸರಿಯೇ, ಅಥವಾ ಅದು ಕೈಬಿಟ್ಟಂತಾಗುತ್ತದೆಯೇ? ಆತ್ಮಸಾಕ್ಷಿಯ ಮಾತನ್ನು ಮೇಲ್ವಿಚಾರಕರೊಂದಿಗೆ ನೀವು ಹೇಗೆ ಚರ್ಚಿಸಿದಿರಿ? ಅನುಭವವಿರುವವರು ದಯವಿಟ್ಟು ಬರೆಯಿರಿ. ಮುಂದಿನ ವಾರ ಇನ್ನೊಬ್ಬರು ಇದೇ ಕಾರಣಕ್ಕೆ ನನ್ನನ್ನು ಕಾಣಲು ಬರುವವರಿದ್ದಾರೆ.