ಮನರಂಜನಾ ಕೇಂದ್ರದ ಕಟ್ಟಡದ ಲೀಸ್ ಮುಗಿದಿದೆ, ಮುಂದುವರಿಸಲು ಒಪ್ತಿಲ್ಲ. ಏನು ಮಾಡಬಹುದು?

ಖಜಾಂಚಿ_ಅಕ್ಕ:

ಎಲ್ಲರಿಗೂ ನಮಸ್ಕಾರ. ನಮ್ಮದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ. ವಿಷಯ ಇನ್ನೂ ಕಡತದಲ್ಲಿರುವುದರಿಂದ ಊರಿನ ಹೆಸರು ಬರೆಯುತ್ತಿಲ್ಲ. ಇಲ್ಲಿನ ಮನರಂಜನಾ ಕೇಂದ್ರಕ್ಕೆ ನಾನು ಖಜಾಂಚಿ. ಕಟ್ಟಡ ಸ್ಥಳೀಯ ಸಂಸ್ಥೆಯದ್ದು. 1995ರ ಏಪ್ರಿಲ್‌ನಲ್ಲಿ ನಮ್ಮ ಸಂಘಕ್ಕೆ 30 ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದರು, 2025ರ ಮಾರ್ಚ್ 31ಕ್ಕೆ ಅವಧಿ ಮುಗಿದಿದೆ.

ಕರಾರಿನಲ್ಲಿರುವ ಸಾಲನ್ನು ಇದ್ದ ಹಾಗೇ ಹಾಕುತ್ತೇನೆ: ‘ಅವಧಿ ಮುಗಿಯುವ ಆರು ತಿಂಗಳ ಮುಂಚಿತವಾಗಿ ಲಿಖಿತ ಮೂಲಕ ಕೋರಿದಲ್ಲಿ, ಉಭಯತರ ಒಪ್ಪಿಗೆಯ ಮೇರೆಗೆ ನವೀಕರಿಸಬಹುದು.’ 2024ರ ಆಗಸ್ಟ್‌ನಲ್ಲೇ ನಾವು ಅರ್ಜಿ ಕೊಟ್ಟಿದ್ದೇವೆ, ಸ್ವೀಕೃತಿ ಸೀಲ್ ಇದೆ. ಉತ್ತರ ಬರಲಿಲ್ಲ. ಲೀಸ್ ಮುಗಿದ ಮೇಲೂ ಅಕ್ಟೋಬರ್‌ವರೆಗೆ ಬಾಡಿಗೆ ತೆಗೆದುಕೊಂಡು ರಸೀದಿ ಕೊಟ್ಟರು. ನವೆಂಬರ್ ಚೆಕ್ ವಾಪಸ್ ಬಂತು, ಅದರ ಬೆನ್ನಿಗೇ ಒಂದು ಪತ್ರ: ಖಾಲಿ ಮಾಡಿ, ಕಟ್ಟಡವನ್ನು ಹರಾಜಿಗೆ ಇಡುತ್ತೇವೆ.

ಬಾಡಿಗೆ ಏರಿಸಬೇಡಿ ಅಂತ ನಾವು ಹೇಳುತ್ತಲೇ ಇಲ್ಲ. ತಿಂಗಳಿಗೆ ₹900 ಈ ಕಾಲಕ್ಕೆ ಕಮ್ಮಿಯೇ. ಆದರೆ ಹರಾಜು ಅಂದರೆ ಯಾರು ಹೆಚ್ಚು ಕೂಗುತ್ತಾರೋ ಅವರಿಗೆ. ಬಸ್ ಸ್ಟ್ಯಾಂಡ್ ಪಕ್ಕದ ಜಾಗಕ್ಕೆ ಶೋರೂಮಿನವರ ಮುಂದೆ ನಮ್ಮ ಕೂಗು ಎಲ್ಲಿ ನಡೆಯುತ್ತೆ?

ಒಳಗೆ ಏನಿದೆ ಅಂತಲೂ ಹೇಳಬೇಕು. ಮುಂದಿನ ಹಾಲಿನಲ್ಲಿ ಪೇಪರ್ ಓದುವ ಉದ್ದನೆಯ ಮೇಜು, ಎಡಗಡೆ ಕೋಣೆಯಲ್ಲಿ ನಾಲ್ಕು ಕೇರಂ ಬೋರ್ಡು, ಹಿಂದೆ ಒಂದು ಟೇಬಲ್ ಟೆನಿಸ್ ಟೇಬಲ್ಲು, ಅದರಾಚೆ 2008ರಲ್ಲಿ ಸದಸ್ಯರ ದುಡ್ಡಿನಲ್ಲೇ ಶೀಟ್ ಹೊದಿಸಿ ಕಟ್ಟಿದ ಶಟಲ್ ಕೋರ್ಟು. ನಮ್ಮೂರಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಮೈದಾನ ಕೆಸರುಗದ್ದೆ. ಆ ನಾಲ್ಕು ತಿಂಗಳು ಮಕ್ಕಳು ಆಡುವ ಜಾಗ ಇಡೀ ಊರಿಗೆ ಇದೊಂದೇ. ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಹೆಂಗಸರ ಸಮಯ. ಅಂಗನವಾಡಿ ಕಾರ್ಯಕರ್ತೆಯರು ಕೆಲಸ ಮುಗಿಸಿ ಬಂದು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಟೇಬಲ್ ಟೆನಿಸ್ ಆಡುವುದನ್ನು ನೀವು ನೋಡಬೇಕು. ಈ ಸಮಯ ಮೀಸಲಿಡಿಸಲು ನಾನೇ ಕಮಿಟಿಯಲ್ಲಿ ಜಗಳ ಆಡಿದ್ದೆ. ಈ ಕಟ್ಟಡ ಹೋದರೆ ಗಂಡಸರಿಗೆ ಕಟ್ಟೆಯಾದರೂ ಇದೆ, ಹೋಟೆಲಾದರೂ ಇದೆ. ಇವರಿಗೆ ಮನೆ ಬಿಟ್ಟರೆ ಇನ್ನೆಲ್ಲಿ?

ಲೀಸ್ ಮುಗಿದ ಮೇಲೂ ಬಾಡಿಗೆ ತಗೊಂಡಿದ್ದಾರಲ್ಲ, ಅದು ನಮಗೆ ಬಲವಾಗುತ್ತದೆಯೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಹಳೇಕೋಟು:

ಅಕ್ಕ, ಮೂವತ್ತು ವರ್ಷ ವಕಾಲತ್ತು ಮಾಡಿದವನು ನಾನು. ಮೊದಲು ಒಂದು ಪ್ರಶ್ನೆ. ಆ 1995ರ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿದೆಯೋ, ಬರೀ ಛಾಪಾ ಕಾಗದದ ಮೇಲಿದೆಯೋ? ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಆಗಿಲ್ಲ ಅಂದರೆ 30 ವರ್ಷ, ನವೀಕರಣ ಮುಂತಾದ ಷರತ್ತುಗಳನ್ನು ಕೋರ್ಟಿನಲ್ಲಿ ಎತ್ತಿ ಹಿಡಿಯುವುದು ಬಹಳ ಕಷ್ಟ.

ಅರ್ಜಿ ಗಡುವಿನೊಳಗೆ ಕೊಟ್ಟಿರುವುದು ಒಳ್ಳೆಯದಾಯಿತು. ನವೀಕರಣದ ಹಕ್ಕಿದ್ದರೂ ಗಡುವು ತಪ್ಪಿದರೆ ಹಕ್ಕು ಹೋಯಿತು ಅಂತ ಸುಪ್ರೀಂ ಕೋರ್ಟ್ ಹಿಂದೆಯೇ ಹೇಳಿದೆ. ಆದರೆ ನಿಮ್ಮ ಸಾಲಿನಲ್ಲಿ ‘ಉಭಯತರ ಒಪ್ಪಿಗೆ’ ಅಂತಿದೆ. ಅಂದಮೇಲೆ ಅವರು ಒಪ್ಪಲೇಬೇಕು ಅಂತ ಒತ್ತಾಯಿಸುವ ಹಕ್ಕು ನಿಮಗಿಲ್ಲ. ಕಹಿಯಾದರೂ ಇದನ್ನು ಮೊದಲೇ ತಿಳಿದಿರುವುದು ಮೇಲು.

ಇನ್ನು ಬಾಡಿಗೆ ವಿಷಯ. ಅವಧಿ ಮುಗಿದ ಮೇಲೂ ಮಾಲೀಕ ಬಾಡಿಗೆ ಪಡೆದರೆ ಸ್ವತ್ತು ವರ್ಗಾವಣೆ ಕಾಯ್ದೆಯ 116ನೇ ಕಲಂ ಪ್ರಕಾರ ಗುತ್ತಿಗೆ ಮುಂದುವರಿದಂತೆ. ಆದರೆ ನಿಮ್ಮಂಥ ಬಳಕೆಗೆ ಅದು ತಿಂಗಳಿಂದ ತಿಂಗಳಿಗೆ ಮಾತ್ರ, 15 ದಿನದ ನೋಟಿಸ್ ಕೊಟ್ಟು ಮುಗಿಸಬಹುದು. ಇನ್ನೊಂದು 30 ವರ್ಷ ಸಿಕ್ಕಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದೂ ಅಲ್ಲದೆ ಕಟ್ಟಡ ಸ್ಥಳೀಯ ಸಂಸ್ಥೆಯದ್ದು. 1974ರ ಸಾರ್ವಜನಿಕ ಆವರಣಗಳ ತೆರವು ಕಾಯ್ದೆಯಡಿ ಅವರು ಸಿವಿಲ್ ದಾವೆ ಹೂಡದೆಯೇ ಸಕ್ಷಮ ಅಧಿಕಾರಿಯ ಮೂಲಕ ತೆರವು ಮಾಡಿಸಬಹುದು. ಆದರೆ ಅದಕ್ಕೂ ಕ್ರಮ ಇದೆ: ಕಾರಣ ಕೇಳಿ ನೋಟಿಸ್, ನಿಮ್ಮ ಉತ್ತರ, ವಿಚಾರಣೆ, ಆಮೇಲೆ ಆದೇಶ. ಆದೇಶದ ಮೇಲೆ ಜಿಲ್ಲಾ ನ್ಯಾಯಾಧೀಶರಿಗೆ ಮೇಲ್ಮನವಿ. ನಿಮಗೆ ಬಂದಿರುವ ಪತ್ರದಲ್ಲಿ ಈ ಕಾಯ್ದೆಯ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಅದು ಬರೀ ಪತ್ರ. ಬೀಗ ಕೊಡಬೇಡಿ, ಆದರೆ ಲಿಖಿತ ಉತ್ತರ ಖಂಡಿತ ಕೊಡಿ.

ಲೇಔಟ್_ನಿವಾಸಿ:

ನಾನು ಬೆಂಗಳೂರಿನ ಒಂದು ಬಡಾವಣೆಯ ಸಂಘದಲ್ಲಿದ್ದೇನೆ. ನಮ್ಮದು ಸಿ.ಎ. ಸೈಟು (ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ನಿವೇಶನ), ನಮಗೂ 30 ವರ್ಷದ ಲೀಸೇ. ಯಾವ ಉದ್ದೇಶಕ್ಕೆ ಕೊಟ್ಟರೋ ಅದಕ್ಕೇ ಬಳಸಿದ್ದೀರಾ ಅನ್ನುವುದೇ ಅಲ್ಲಿ ಮೊದಲ ಪ್ರಶ್ನೆ ಆಗಿತ್ತು. ಹಾಲನ್ನು ಮದುವೆ, ನಾಮಕರಣಕ್ಕೆ ಬಾಡಿಗೆಗೆ ಬಿಟ್ಟ ರಸೀದಿ ಏನಾದರೂ ನಿಮ್ಮಲ್ಲಿದೆಯಾ? ಮುಂದಿನ ಕೋಣೆ ಯಾವುದಾದರೂ ಅಂಗಡಿಗೆ ಕೊಟ್ಟಿದ್ದೀರಾ? ಇದ್ದರೆ ಎದುರಿನವರು ಅದನ್ನೇ ಹಿಡಿಯುತ್ತಾರೆ.

ಕೋರ್ಟಿನ ದಾರಿ ಉದ್ದ. ಬೆಂಗಳೂರು ರೇಸ್‌ಕೋರ್ಸಿನ ಗುತ್ತಿಗೆ 2009ರ ಡಿಸೆಂಬರ್‌ಗೆ ಮುಗಿದು, ವ್ಯಾಜ್ಯ ಎಷ್ಟು ವರ್ಷ ಎಳೆಯಿತು ಅಂತ ಎಲ್ಲರಿಗೂ ಗೊತ್ತು. ಅವರಿಗೆ ಹಿರಿಯ ವಕೀಲರನ್ನು ಇಟ್ಟುಕೊಳ್ಳುವ ತಾಕತ್ತಿದೆ. ತಿಂಗಳ ಚಂದಾದಲ್ಲಿ ನಡೆಯುವ ಸಂಘಕ್ಕೆ ಇಲ್ಲ.

ಖಜಾಂಚಿ_ಅಕ್ಕ:

ಇಬ್ಬರಿಗೂ ಧನ್ಯವಾದ. ಕರಾರು ನೂರು ರೂಪಾಯಿ ಛಾಪಾ ಕಾಗದದ ಮೇಲಿದೆ, ನೋಂದಣಿ ಆಗಿಲ್ಲ. ಮದುವೆಗೆ ಯಾವತ್ತೂ ಕೊಟ್ಟಿಲ್ಲ, ಅಂಗಡಿಯೂ ಇಲ್ಲ. 1995ರಿಂದ ಇರುವ ಹಾಜರಿ ಪುಸ್ತಕಗಳೆಲ್ಲ ಕಬ್ಬಿಣದ ಬೀರುವಿನಲ್ಲಿವೆ. ಕೆಲವಕ್ಕೆ ಗೆದ್ದಲು ಹಿಡಿದಿದೆ, ಆದರೂ ಓದಬಹುದು. ಬಂದ ಪತ್ರದಲ್ಲಿ ಯಾವ ಕಾಯ್ದೆಯ ಹೆಸರೂ ಇಲ್ಲ.

ಶಟಲ್ ಕೋರ್ಟಿನ ಶೀಟು, ಕಬ್ಬಿಣದ ಕಂಬ ನಮ್ಮವಲ್ಲವೇ? ಅಕಸ್ಮಾತ್ ಬಿಡಲೇಬೇಕಾದರೆ ಅವುಗಳ ಗತಿ?

ಹಳೇಕೋಟು:

ನಿಮ್ಮವೇ. ನೀವು ನೆಲಕ್ಕೆ ಕೂರಿಸಿದ್ದನ್ನು ಗುತ್ತಿಗೆ ಮುಗಿದ ಮೇಲೂ ಬಿಚ್ಚಿಕೊಂಡು ಹೋಗಬಹುದು, ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಸ್ವಾಧೀನ ನಿಮ್ಮ ಕೈಯಲ್ಲಿ ಇರುವ ತನಕ ಮಾತ್ರ. ಬೀಗ ಕೊಟ್ಟ ಮರುದಿನ ಕೇಳಿದರೆ ಆಗದು. ಜಾಗವನ್ನು ಮೊದಲಿದ್ದ ಸ್ಥಿತಿಯಲ್ಲಿ ಬಿಡಬೇಕು. ಕರಾರಿನಲ್ಲಿ ಬೇರೆ ಷರತ್ತಿದ್ದರೆ ಅದನ್ನೂ ನೋಡಿ.

ಬಾಡಿಗೆಯನ್ನು ತಿಂಗಳು ತಿಂಗಳೂ ಡಿಡಿ ಮಾಡಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ವಾಪಸ್ ಬಂದರೆ ಲಕೋಟೆ ಒಡೆಯದೆ ಇಟ್ಟುಕೊಳ್ಳಿ. ಬಾಕಿದಾರರು ಅನ್ನುವ ಮಾತು ಬರಬಾರದು.

ಕಡತ_ಪ್ರೇಮಿ:

ನಾನು ಪುರಸಭೆಯೊಂದರಲ್ಲಿ ಗುಮಾಸ್ತನಾಗಿದ್ದವನು. ನಿಮ್ಮ ಆಗಸ್ಟ್ ಅರ್ಜಿಯ ಮೇಲೆ ಏನು ಟಿಪ್ಪಣಿ ಬರೆದಿದ್ದಾರೆ, ಹರಾಜಿಗೆ ಕೌನ್ಸಿಲ್ ಠರಾವು ಆಗಿದೆಯಾ, ಇವಿಷ್ಟನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಊರಿನ ಪುರಾಣವೆಲ್ಲ ಬರೆದರೆ ಅದನ್ನೇ ನೆಪ ಮಾಡಿ ತಿರಸ್ಕರಿಸುತ್ತಾರೆ.

ಪುರಸಭೆ ಆಸ್ತಿಯನ್ನು ಗುತ್ತಿಗೆ ಕೊಡುವುದು 1964ರ ಪುರಸಭೆಗಳ ಕಾಯ್ದೆಯ 72ನೇ ಕಲಮಿನಡಿ. ಮುಖ್ಯಾಧಿಕಾರಿ ಒಬ್ಬರೇ ತೀರ್ಮಾನಿಸುವ ವಿಷಯ ಅಲ್ಲ, ಸದಸ್ಯರ ಮುಂದೆ ಬರಬೇಕು. ಆದ್ದರಿಂದ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಕರೆದುಕೊಂಡು ಬಂದು ತೋರಿಸಿ. ಮಳೆ ಬರುವ ದಿನ ಸಂಜೆ ಐದಕ್ಕೆ ಕರೆಯಿರಿ. ಮತ್ತೆ, ಸಂಘದ ವಾರ್ಷಿಕ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಸಂಘಗಳ ನೋಂದಣಾಧಿಕಾರಿಗೆ ವರ್ಷ ವರ್ಷ ಸಲ್ಲಿಕೆ ಆಗಿದೆಯಾ? ಅಲ್ಲಿ ಬಾಕಿ ಇದ್ದರೆ ಹೊಸ ಕರಾರಿಗೆ ಸಹಿ ಹಾಕಲು ನೀವು ಯಾರು ಅಂತ ಕೇಳುತ್ತಾರೆ.

ಖಜಾಂಚಿ_ಅಕ್ಕ:

ಲೆಕ್ಕಪತ್ರ ಕಳೆದ ವರ್ಷದವರೆಗೂ ಸಲ್ಲಿಕೆ ಆಗಿದೆ, ಅದು ನನ್ನದೇ ಕೆಲಸ. ನಿನ್ನೆ ರಾತ್ರಿ ಕಮಿಟಿ ಕೂತು ಮಾತಾಡಿದೆವು. ನಾವೇ ಮುಂದಾಗಿ ತಿಂಗಳಿಗೆ ₹8,000 ಕೊಡುತ್ತೇವೆ, ಎರಡು ವರ್ಷಕ್ಕೊಮ್ಮೆ ಶೇ 10 ಏರಿಸಿ, 10 ವರ್ಷದ ಕರಾರು ಮಾಡಿ ನೋಂದಣಿ ಮಾಡಿಸೋಣ ಅಂತ ಬರೆದು ಕೊಡುತ್ತಿದ್ದೇವೆ. ಚಂದಾ ಏರಿಸಲು ಸದಸ್ಯರು ಒಪ್ಪಿದ್ದಾರೆ. ವಿದ್ಯಾರ್ಥಿಗಳಿಗೆ ಮಾತ್ರ ಏರಿಸಬಾರದು ಅಂತ ನಾನು ಹಟ ಹಿಡಿದೆ, ಅದೂ ಪಾಸಾಯಿತು.

ಪತ್ರಕ್ಕೆ ಉತ್ತರ ಸೋಮವಾರ ಕೊಡುತ್ತೇವೆ. ಮಾಹಿತಿ ಹಕ್ಕಿನ ಅರ್ಜಿಯೂ ಅದೇ ದಿನ. ಹೆಂಗಸರ ತಂಡದವರು ವಾರ್ಡ್ ಸದಸ್ಯೆಯರಿಗೆ ಮಧ್ಯಾಹ್ನ ಮೂರಕ್ಕೆ ಬನ್ನಿ ಅಂತ ಹೇಳಿದ್ದಾರೆ, ಇಬ್ಬರು ಬರುತ್ತೇವೆ ಅಂದಿದ್ದಾರೆ. ಉತ್ತರದ ಕರಡನ್ನು ಇಲ್ಲಿ ಹಾಕಿದರೆ ಹಳೇಕೋಟು ಅವರು ಒಮ್ಮೆ ಕಣ್ಣಾಡಿಸಿ ಕೊಡುತ್ತೀರಾ?

ಹಳೇಕೋಟು:

ಹಾಕಿ. ಊರು, ಹೆಸರು ತೆಗೆದು ಹಾಕಿ. ಹಾಜರಿ ಪುಸ್ತಕದ ಕೆಲವು ಪುಟಗಳ ನಕಲನ್ನೂ ಉತ್ತರಕ್ಕೆ ಲಗತ್ತಿಸಿ, ಮಳೆಗಾಲದ ತಿಂಗಳುಗಳದ್ದೇ ಆರಿಸಿ.