ಹಳೇ ಚಿಮ್ನಿಗೆ ಹೊಸ ಸೌದೆ ಒಲೆ: ಪೈಪು ತೂರಿಸಿದರೆ ಸಾಕಾ?

ಗಾಳಿಬೀಡು_ಮನೆ

ನಮ್ಮದು ಗಾಳಿಬೀಡಿನಲ್ಲಿ ಹಳೇ ಹೆಂಚಿನ ಮನೆ. ಹಾಲ್‌ನಲ್ಲಿ ಕಲ್ಲಿನ ಫೈರ್‌ಪ್ಲೇಸ್ ಇದೆ. ಇಪ್ಪತ್ತು ವರ್ಷದಿಂದ ಬೆಂಕಿ ಹಾಕಿಲ್ಲ. ಅತ್ತೆಗೆ ಈಗ 79. ಹೋದ ಕಕ್ಕಡದಲ್ಲಿ (ನಮ್ಮ ಕಡೆ ಜೋರು ಮಳೆಯ ತಿಂಗಳು) ಎರಡು ಕಂಬಳಿ ಹೊದ್ದರೂ ಅವರ ಕೈ ಬೆಚ್ಚಗಾಗಲಿಲ್ಲ. ಅದಕ್ಕೇ ಗಾಜಿನ ಬಾಗಿಲಿರುವ ಕಬ್ಬಿಣದ ಸೌದೆ ಒಲೆ ತರಿಸಿದ್ದೇವೆ. ಒಲೆಯ ಹೊಗೆಬಾಯಿ 6 ಇಂಚು. ಚಿಮ್ನಿ ಒಳಗೆ 14ಕ್ಕೆ 9 ಇಂಚು, ಎತ್ತರ 17 ಅಡಿ. ಒಲೆ ಕೊಟ್ಟವರು "ಎರಡಡಿ ಪೈಪು ಒಳಗೆ ತೂರಿಸಿ ಸುತ್ತ ಸಿಮೆಂಟ್ ಮೆತ್ತಿ, ಆಯ್ತು" ಅಂದರು. ಅಷ್ಟು ಸಾಕಾ?

ನಿನ್ನೆ ಟಾರ್ಚ್ ಹಾಕಿ ನೋಡಿದೆ. ಒಂದು ಕಡೆ ಮಸಿ ಪುಡಿ ಪುಡಿ ಇಲ್ಲ, ಬೆಲ್ಲದ ಪಾಕ ಸುರಿದು ಒಣಗಿದ ಹಾಗೆ ಕಪ್ಪಗೆ ಹೊಳೆಯುತ್ತಿದೆ. ಉಗುರಿಗೂ ಬರಲ್ಲ. ಮೇಲುಗಡೆ ಜೇನು ಗುಂಯ್ ಅನ್ನುತ್ತಿದೆ.

ಕಾಫಿಕಣ_ನಾಪೋಕ್ಲು

ಅಕ್ಕ, ದಯವಿಟ್ಟು ಹಾಗೆ ಕೂರಿಸಬೇಡಿ. ನಮ್ಮ ಮನೆಯಲ್ಲಿ ಹಾಗೇ ಕೂರಿಸಿದ್ದರು. ಮೊದಲ ಮಳೆಗಾಲಕ್ಕೇ ಚಿಮ್ನಿ ಪಕ್ಕದ ಗೋಡೆಯಲ್ಲಿ ಕಾಫಿ ಡಿಕಾಕ್ಷನ್ ಬಣ್ಣದ ಗೆರೆ ಇಳಿಯಿತು. ಸುಣ್ಣ ಬಳಿದರೂ ವಾರದಲ್ಲಿ ಮತ್ತೆ ಮೂಡುತ್ತಿತ್ತು. ಮೂರನೇ ವರ್ಷ ಒಂದು ರಾತ್ರಿ, ಲಾರಿ ಏರು ಹತ್ತುವಂಥ ಸದ್ದು ಚಿಮ್ನಿಯೊಳಗಿಂದ ಬಂತು. ಒಲೆಯ ಗಾಳಿಕಿಂಡಿ ಮುಚ್ಚಿ ಎಲ್ಲರೂ ಅಂಗಳಕ್ಕೆ ಓಡಿದೆವು. ಚಿಮ್ನಿ ತುದಿಯಲ್ಲಿ ಬೆಂಕಿ ಎದ್ದಿತ್ತು. ಹೆಂಚು ಮಳೆಗೆ ನೆನೆದಿತ್ತು, ಅಟ್ಟ ಉಳಿಯಿತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ತೆರೆದ ಫೈರ್‌ಪ್ಲೇಸ್ ಕೋಣೆಯ ಗಾಳಿಯನ್ನೂ ಜಾಸ್ತಿ ಎಳೆಯುತ್ತದೆ, ಅದಕ್ಕೆ ಅಗಲದ ಚಿಮ್ನಿ ಬೇಕು. ಬಾಗಿಲಿರುವ ಒಲೆಯಿಂದ ಬರುವ ಹೊಗೆ ಕಡಿಮೆ. ಅಷ್ಟು ಅಗಲದೊಳಗೆ ಅದು ನಿಧಾನವಾಗಿ ಏರುತ್ತಾ ತಣ್ಣಗಾಗುತ್ತದೆ. ಹೊಗೆಯಲ್ಲಿರುವ ನೀರಾವಿ, ಟಾರ್ ಎರಡೂ ಗೋಡೆಗೆ ಹಿಡಿಯುತ್ತವೆ. ನೀವು ನೋಡಿದ ಹೊಳೆಯುವ ಕಪ್ಪು ಅದೇ, ಕ್ರಿಯೋಸೋಟ್. ಬ್ರಷ್‌ಗೆ ಬರಲ್ಲ, ಬೆಂಕಿ ಹಿಡಿದರೆ ಸುಲಭಕ್ಕೆ ಆರಲ್ಲ. ಮೊದಲು ಅದನ್ನು ಕೆರೆದು ತೆಗೆಸಿ. ಅಲ್ಲಿವರೆಗೆ ಒಂದು ಕಡ್ಡಿಯನ್ನೂ ಹಚ್ಚಬೇಡಿ.

ಆಮೇಲೆ ಒಲೆಯಿಂದ ತುದಿವರೆಗೂ 6 ಇಂಚಿನ ಸ್ಟೀಲ್ ಲೈನರ್, ಅಂದರೆ ಚಿಮ್ನಿಯೊಳಗೆ ಕೂರುವ ಹೊಗೆಪೈಪು ಇಳಿಸಿ, 316 ಗ್ರೇಡ್‌ನದು. ಅಳತೆ ಹೊಗೆಬಾಯಿಯಷ್ಟೇ ಇರಲಿ. ಸುತ್ತ ಉಳಿದ ಜಾಗಕ್ಕೆ ವರ್ಮಿಕ್ಯುಲೈಟ್ (ಬಿಸಿ ಹೊರಹೋಗದಂತೆ ತಡೆಯುವ ಹಗುರ ಖನಿಜದ ಹರಳು) ತುಂಬಿಸಿದರೆ ಹೊಗೆ ಬಿಸಿಯಾಗೇ ಮೇಲೆ ಹೋಗುತ್ತದೆ. ಒಲೆಯ ಮೇಲಿನ ಪೈಪು ಜೋಡಿಸುವಾಗ ಮೇಲಿನ ಪೈಪಿನ ತುದಿ ಕೆಳಗಿನದರ ಒಳಗೆ ಕೂರಬೇಕು. ಆಗ ಟಾರ್ ಹನಿ ಪೈಪಿನೊಳಗೇ ಇಳಿಯುತ್ತದೆ, ಹೊರಗೆ ಸುರಿಯಲ್ಲ. ಹೆಚ್ಚಿನವರು ಇದನ್ನೇ ತಲೆಕೆಳಗು ಮಾಡುತ್ತಾರೆ. ಬಚ್ಚಲ ಹಂಡೆ ಒಲೆಯ ಹೊಗೆಯನ್ನು ಇದಕ್ಕೇ ಸೇರಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಒಂದು ಒಲೆಗೆ ಒಂದು ಹೊಗೆದಾರಿ.

ತುದಿ ಮಾಡಿನಿಂದ ಕನಿಷ್ಠ 3 ಅಡಿ ಮೇಲಿರಲಿ. ಸುತ್ತ 10 ಅಡಿಯೊಳಗೆ ಇರುವ ಮಾಡು, ಗೋಡೆ ಯಾವುದಕ್ಕಿಂತಲೂ 2 ಅಡಿ ಎತ್ತರ ಇರಬೇಕು. ಮೇಲೆ ಮಳೆ ಟೋಪಿ ಬೇಕೇ ಬೇಕು. ಸೌದೆಗೆ ಕಾಫಿ ಗಿಡದ ಬೊಡ್ಡೆ ಒಳ್ಳೆಯದು, ಆದರೆ ಸೀಳಿ ಎರಡು ಬೇಸಿಗೆ ಒಣಗಿರಬೇಕು. ತೇವ 20 ಪರ್ಸೆಂಟ್‌ಗಿಂತ ಕಡಿಮೆ ಇರಲಿ.

ತುಡುವೆ_ಸೋಮವಾರಪೇಟೆ

ಜೇನಿಗೆ ಹೊಗೆ ಹಾಕಿ ಓಡಿಸಬೇಡಿ. ಪೊಟರೆಯಂಥ ಜಾಗ ಅಂದರೆ ತುಡುವೆಯೇ ಇರಬೇಕು, ಪೆಟ್ಟಿಗೆಯಲ್ಲಿ ಸಾಕುವ ಜೇನು. ಸಂಜೆ ಹೊತ್ತು ಎರಿ ಬಿಡಿಸಿ ಚೌಕಟ್ಟಿಗೆ ಕಟ್ಟಿ, ರಾಣಿ ಸಮೇತ ಪೆಟ್ಟಿಗೆಗೆ ಹಾಕಬಹುದು. ಜೇನು ಸಾಕುವವರನ್ನೇ ಕರೆಯಿರಿ. ಹಳೇ ಮೇಣ ಒಂದು ಚೂರೂ ಬಿಡದ ಹಾಗೆ ತೆಗೆಸಿ. ಅದೂ ಉರಿಯುತ್ತದೆ, ವಾಸನೆಗೆ ಬೇರೆ ಗುಂಪೂ ಬರುತ್ತದೆ.

ಮರಕೆಲಸ_ಕುಶಾಲನಗರ

ಅಟ್ಟ ಹತ್ತಿ ನೋಡಿದಿರಾ ಅಕ್ಕ? ಹಳೇ ಮನೆಗಳಲ್ಲಿ ಪಕಾಸಿ (ಹೆಂಚು ಹೊರುವ ಮಾಡಿನ ಮರ) ಚಿಮ್ನಿಗೆ ಒತ್ತಿಕೊಂಡೇ ಇರುತ್ತದೆ. ಇಟ್ಟಿಗೆ ಚಿಮ್ನಿಗೂ ಮರಕ್ಕೂ 2 ಇಂಚು ಸಂದು ಬೇಕು. ಕೋಣೆಯೊಳಗಿನ ಒಂಟಿ ಪದರದ ಪೈಪಿಗಾದರೆ 18 ಇಂಚು. ಚಿಮ್ನಿಗೂ ಮರಕ್ಕೂ ನಡುವಿನ ಸಂದಿಗೆ ಫೋಮ್ ಹೊಡೆಸಬೇಡಿ, ಅದು ಉರಿಯುತ್ತದೆ.

ಗಾಳಿಬೀಡು_ಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜೇನು ಪೆಟ್ಟಿಗೆಗೆ ಹೋಯಿತು, ಈಗ ಕಿತ್ತಳೆ ಗಿಡದ ಕೆಳಗಿದೆ. ಅಟ್ಟದಲ್ಲಿ ಒಂದು ಪಕಾಸಿ ಚಿಮ್ನಿಗೆ ತಾಗಿದ ಕಡೆ ಕಪ್ಪಾಗಿತ್ತು. ಹೆಬ್ಬೆರಳು ಒತ್ತಿದರೆ ಇದ್ದಿಲ ಹಾಗೆ ಉದುರಿತು. ಅದನ್ನು ಕತ್ತರಿಸಿ ಅಡ್ಡ ಮರ ಕೊಟ್ಟರು. ಲೈನರ್ ಇಳಿಯಿತು, ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಡ ತಂದೆ. ನಿನ್ನೆ ಮೊದಲ ಬೆಂಕಿ ಹಾಕಿದೆವು. ಹೊಗೆ ನೇರ ಮೇಲೆ ಹೋಯಿತು. ಆದರೆ ಒಲೆಯಿಂದ ಬಣ್ಣ ಸುಟ್ಟ ವಾಸನೆ ಬಂತು. ಏನಾದರೂ ತಪ್ಪಾಗಿದೆಯಾ?

ಕಾಫಿಕಣ_ನಾಪೋಕ್ಲು

ಇಲ್ಲ ಅಕ್ಕ, ಹೊಸ ಒಲೆಯ ಬಣ್ಣ ಹದಕ್ಕೆ ಬರುವಾಗ ಹಾಗೇ. ಕಿಟಕಿ ತೆಗೆದಿಟ್ಟು ಇನ್ನೂ ಮೂರ್ನಾಲ್ಕು ಸಲ ಸಣ್ಣ ಬೆಂಕಿ ಹಾಕಿ. ಅಷ್ಟು ಹೊತ್ತು ಅತ್ತೆಯವರನ್ನು ಬೇರೆ ಕೋಣೆಯಲ್ಲಿ ಕೂರಿಸಿ.